ಇಳಿಜಾರಿಗೆ ಮೊದಲ ಪಾಲು: ಮೂಡಿಗೆರೆಯ ಕಾಫಿ ತೋಟವೊಂದರ ಎಟಿವಿಗೆ ಟೈರು, ಬ್ರೇಕ್ ಪ್ಯಾಡ್ ಆರಿಸಿದ ಪ್ರಕರಣ

ಹೋದ ವರ್ಷ ಮಘಾ ಮಳೆ ನಾಲ್ಕು ದಿನ ಬಿಡುವು ಕೊಟ್ಟಿತ್ತು. ಮಳೆಗಾಲದ ನಡುವಿನ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ರೋಗನಾಶಕ ದ್ರಾವಣ) ಸಿಂಪಡಣೆಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು ಎಂದು ಬಣಕಲ್ ಕಡೆಯ ಆ ತೋಟದಲ್ಲಿ ಬೆಳಿಗ್ಗೆ ಏಳಕ್ಕೇ ಕೆಲಸ ಶುರುವಾಗಿತ್ತು. ಎಟಿವಿ ಎಂದರೆ ಬೈಕಿನಂತೆ ಕೂತು ಓಡಿಸುವ, ಕಚ್ಚಾ ದಾರಿಗೆಂದೇ ಮಾಡಿದ ನಾಲ್ಕು ಚಕ್ರದ ಸಣ್ಣ ವಾಹನ. ಅದರ ಹಿಂದಿನ ಕ್ಯಾರಿಯರಿನಲ್ಲಿ ನೂರು ಲೀಟರಿನ ಡ್ರಮ್. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ದ್ರಾವಣ. ಮೇಲಿನ ಕೆರೆಯಿಂದ ಕೆಳಗಿನ ರೊಬಸ್ಟಾ ಪಟ್ಟೆಗೆ ಇಳಿಯುವ ದಾರಿಯ ಎರಡನೇ ತಿರುವಿನಲ್ಲಿ ಚಾಲಕ ಕಾಲಿನ ಬ್ರೇಕ್ ಒತ್ತಿದ. ಚಕ್ರಗಳು ಒಂದು ಕ್ಷಣ ಹಿಡಿದಂತಾಗಿ ಮತ್ತೆ ಜಾರಿದವು. ಡ್ರಮ್ಮಿನೊಳಗಿನ ದ್ರಾವಣ ಮುಂದಕ್ಕೆ ನುಗ್ಗಿ ಹಿಂದಿನಿಂದ ಯಾರೋ ದೂಡಿದಂತಾಯಿತು. ವಾಹನ ದಾರಿ ಬಿಟ್ಟು, ಎರಡು ಕಾಫಿ ಗಿಡಗಳನ್ನು ಮುರಿದು, ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತಿತು. ಎಡಕ್ಕೆ ಜಿಗಿದಿದ್ದರಿಂದ ಚಾಲಕನಿಗೆ ಮೊಣಕೈ ತರಚಿದ್ದಷ್ಟೇ. ಬಲಕ್ಕೆ ಎಂಟು ಅಡಿ ಆಳದ ಧರೆ ಇತ್ತು.

ಮೂಡಿಗೆರೆಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಟಿಲ್ಲರ್, ಕಳೆ ಕೊಚ್ಚುವ ಯಂತ್ರ, ಪಂಪ್‌ಸೆಟ್, ಸ್ಪ್ರೇಯರ್ ರಿಪೇರಿ ನನ್ನ ದಿನನಿತ್ಯದ ಕೆಲಸ. ಈಚಿನ ವರ್ಷಗಳಲ್ಲಿ ತೋಟಗಳಿಗೆ ಎಟಿವಿ ಬಂದ ಮೇಲೆ ಅದೂ ಸೇರಿಕೊಂಡಿತು. ಅಂದು ಮಧ್ಯಾಹ್ನ ತೋಟದ ಯಜಮಾನರು ಫೋನ್ ಮಾಡಿ ಹೇಳಿದ್ದು ಒಂದೇ ಮಾತು: "ಮೇ ತಿಂಗಳಿನಿಂದ ಈಚೆಗೆ ಮೂರು ಸಲ ಹಿಂದಿನ ಪ್ಯಾಡ್ ಬದಲಾಯಿಸಿದ್ದೇವೆ. ಪ್ಯಾಡೇ ಸರಿ ಇಲ್ಲ. ಸಿಗುವುದರಲ್ಲಿ ಒಳ್ಳೆಯದು ಯಾವುದೋ ಅದನ್ನು ತಂದು ಹಾಕಿಬಿಡಿ."

ಪ್ಯಾಡ್ ತರುವುದಕ್ಕೆ ಮೊದಲು ತೋಟಕ್ಕೆ ಹೋದೆ. ಆ ವಾಹನಕ್ಕೆ ನೋಂದಣಿ ಇಲ್ಲ, ತೋಟದ ಗೇಟಿನಿಂದ ಹೊರಗೆ ಬರುವಂತಿಲ್ಲ. ಆದ್ದರಿಂದ ಹೇಗಿದ್ದರೂ ನಾನೇ ಹೋಗಬೇಕಿತ್ತು. ಆದರೆ ಅದೇ ಒಳ್ಳೆಯದಾಯಿತು. ವರ್ಕ್‌ಶಾಪಿನ ಸಿಮೆಂಟ್ ನೆಲದ ಮೇಲೆ ನಿಂತ ವಾಹನವನ್ನು ನೋಡಿ ಟೈರು ಆರಿಸುವವರು ಅರ್ಧ ವಿಷಯವನ್ನೇ ನೋಡಿರುತ್ತಾರೆ ಎಂಬುದು ನನಗೆ ಈ ಪ್ರಕರಣದಲ್ಲಿ ಗಟ್ಟಿಯಾಗಿ ಮನದಟ್ಟಾಯಿತು.

ದಾರಿಯನ್ನು ಅಳೆದದ್ದು

ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮನೆ ಕಟ್ಟುವವರು ಮಟ್ಟ ನೋಡುತ್ತಾರಲ್ಲ, ಅದನ್ನೇ ಹಿಡಿದುಕೊಂಡು ತೋಟದ ಲೆಕ್ಕ ಬರೆಯುವ ರೈಟರ್ ಮತ್ತು ನಾನು ದಾರಿಯುದ್ದಕ್ಕೂ ನಡೆದೆವು. ಎರಡನೇ ತಿರುವಿನ ಬಳಿ ಅಡ್ಡಕ್ಕೆ ಹತ್ತು ಮೀಟರ್ ಹೋದರೆ ಕೆಳಕ್ಕೆ 2.2 ಮೀಟರ್ ಇಳಿಯುತ್ತಿತ್ತು, ಅಂದರೆ ನೂರಕ್ಕೆ 22ರ ಇಳಿಜಾರು. ಹೆಚ್ಚುಕಡಿಮೆ ಇದೇ ಇಳಿಜಾರಿನಲ್ಲಿ ದಾರಿ ಸುಮಾರು 280 ಮೀಟರ್ ಉದ್ದಕ್ಕೆ ಸಾಗಿ ಒಟ್ಟು 60 ಮೀಟರ್ ಕೆಳಗಿಳಿಯುತ್ತದೆ. ಅರ್ಧ ದಾರಿಗೆ ಕಾಡುಕಲ್ಲು ಹಾಸಿದ್ದಾರೆ, ಕಲ್ಲಿನ ಮೇಲೆ ಪಾಚಿ. ಉಳಿದದ್ದು ಕೆಮ್ಮಣ್ಣು. ಅದರ ಮೇಲೆ ಕೊಳೆತ ಸಿಲ್ವರ್ ಓಕ್ ಎಲೆ ಚಾಪೆಯಂತೆ ಹರಡಿತ್ತು. ನಾನು ಬರಿಗಾಲಿನಲ್ಲಿ ನಿಂತಾಗಲೇ ಹಿಮ್ಮಡಿ ಜಾರುತ್ತಿತ್ತು.

ಈಗ ಭಾರದ ಲೆಕ್ಕ. ವಾಹನ 320 ಕಿಲೋ, ಚಾಲಕ 70, ಹಿಂದೆ ಡ್ರಮ್ ಮತ್ತು ಪಂಪು ಸೇರಿ 80, ಮುಂದಿನ ಕ್ಯಾರಿಯರಿನಲ್ಲಿ ಪೈಪು, ಸುಣ್ಣ ಸೇರಿ 40. ಒಟ್ಟು 510 ಕಿಲೋ. ಇಷ್ಟು ಭಾರ ಆ ಇಳಿಜಾರಿನಲ್ಲಿ ಸುಮ್ಮನೆ ನಿಂತಿದ್ದರೂ ಸುಮಾರು 110 ಕಿಲೋ ಬಲ ಅದನ್ನು ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. ಇಬ್ಬರು ಆಳುಗಳು ಹಗ್ಗ ಕಟ್ಟಿ ಬಿಡದೆ ಜಗ್ಗಿದ ಹಾಗೆ. ಮೇಲಿನಿಂದ ಕೆಳಗೆ ಇಳಿಯುವಷ್ಟರಲ್ಲಿ ಇಂಜಿನ್ ಮತ್ತು ಬ್ರೇಕ್ ಸೇರಿ ಕರಗಿಸಬೇಕಾದ ಶಕ್ತಿ ಸುಮಾರು 300 ಕಿಲೋಜೌಲ್. ತಣ್ಣೀರು ಒಂದು ಲೀಟರಿಗೆ ತುಸು ಕಡಿಮೆ ಇದ್ದರೆ ಅದನ್ನು ಕುದಿಸಲು ಸಾಕಾಗುವ ಬಿಸಿ ಅದು. ಚಾಲಕ ನ್ಯೂಟ್ರಲಿಗೆ ಹತ್ತಿರದ ಹೈ ಗೇರಿನಲ್ಲಿ, ಬರೀ ಕಾಲಿನ ಬ್ರೇಕ್ ಒತ್ತಿಕೊಂಡು ಇಳಿಯುತ್ತಿದ್ದನಾದ್ದರಿಂದ ಆ ಬಿಸಿಯೆಲ್ಲ ಚಕ್ರದ ಜೊತೆ ತಿರುಗುವ ಹಿಂದಿನ ಒಂದೇ ಒಂದು ಲೋಹದ ತಟ್ಟೆಗೆ, ಅಂದರೆ ಡಿಸ್ಕಿಗೆ, ಅದನ್ನು ಎರಡು ಬದಿಯಿಂದ ಅದುಮುವ ಎರಡು ಪ್ಯಾಡುಗಳಿಗೆ ಹೋಗುತ್ತಿತ್ತು.

ಇನ್ನೊಂದು ಲೆಕ್ಕವನ್ನು ಯಜಮಾನರಿಗೆ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದೆ. ಟೈರಿಗೂ ನೆಲಕ್ಕೂ ಇರುವ ಹಿಡಿತವನ್ನು ಒಂದು ಸಂಬಳ ಎಂದುಕೊಳ್ಳೋಣ. ಒಣ ಕಲ್ಲಿನ ಮೇಲೆ ಅದು ದೊಡ್ಡದು, ಒದ್ದೆ ಎಲೆಯ ಮೇಲೆ ಚಿಕ್ಕದು. ಸಮತಟ್ಟಿನಲ್ಲಿ ಆ ಸಂಬಳವೆಲ್ಲ ವಾಹನ ನಿಲ್ಲಿಸುವುದಕ್ಕೇ ಸಿಗುತ್ತದೆ. ಇಳಿಜಾರಿನಲ್ಲಿ ಹಾಗಲ್ಲ. ಮೊದಲ ಪಾಲನ್ನು ಇಳಿಜಾರು ಕಿತ್ತುಕೊಳ್ಳುತ್ತದೆ, ಉಳಿದದ್ದಷ್ಟೇ ನಿಲ್ಲಿಸಲು. ಹಿಡಿತ ಭಾರದ ಅರ್ಧದಷ್ಟಿದ್ದರೆ ಗಂಟೆಗೆ 15 ಕಿಲೋಮೀಟರ್ ವೇಗದ ವಾಹನ ಈ ದಾರಿಯಲ್ಲಿ ಸುಮಾರು ಮೂರೂಕಾಲು ಮೀಟರಿನಲ್ಲಿ ನಿಲ್ಲುತ್ತದೆ. ಅದೇ ಹಿಡಿತ ಹತ್ತಕ್ಕೆ ಮೂರಕ್ಕೆ ಇಳಿದರೆ ನಿಲ್ಲಲು ಹನ್ನೊಂದು ಮೀಟರ್ ಬೇಕು. ಹಿಡಿತ ಕಡಿಮೆಯಾದದ್ದು ಅರ್ಧಕ್ಕೂ ಕಡಿಮೆ, ದೂರ ಹೆಚ್ಚಿದ್ದು ಮೂರು ಪಟ್ಟಿಗೂ ಮಿಗಿಲು. ಎಷ್ಟೇ ಬೆಲೆ ಬಾಳುವ ಪ್ಯಾಡ್ ಹಾಕಿದರೂ ಈ ಲೆಕ್ಕ ಬದಲಾಗುವುದಿಲ್ಲ. ಪ್ಯಾಡ್ ಹಿಡಿಯುವುದು ಚಕ್ರವನ್ನು, ನೆಲವನ್ನು ಹಿಡಿಯುವುದು ಟೈರು. ಎರಡನ್ನೂ ಒಟ್ಟಿಗೆ ಕೂರಿಸಿ ಯೋಚಿಸದೆ ಒಂದನ್ನು ಕೊಳ್ಳಬಾರದು ಎಂದು ನಾನು ಹಟ ಹಿಡಿದದ್ದು ಇದಕ್ಕಾಗಿ.

ಬಿಚ್ಚಿದಾಗ ಕಂಡದ್ದು

ಪ್ಯಾಡುಗಳನ್ನು ಡಿಸ್ಕಿಗೆ ಅದುಮುವ ಹಿಂದಿನ ಕ್ಯಾಲಿಪರ್ ಬಿಚ್ಚಿ ಎರಡು ಪ್ಯಾಡುಗಳನ್ನು ಅಂಗೈ ಮೇಲೆ ಇಟ್ಟುಕೊಂಡೆ. ಹೊರಗಿನದರಲ್ಲಿ ಮೂರೂವರೆ ಮಿಲಿಮೀಟರ್ ದಪ್ಪ ಉಳಿದಿತ್ತು. ಒಳಗಿನದರಲ್ಲಿ ಒಂದು ಮಿಲಿಮೀಟರ್, ಅದೂ ಒಂದು ತುದಿಯಲ್ಲಿ ಮಾತ್ರ. ಇನ್ನೊಂದು ತುದಿ ಓರೆಯಾಗಿ ಸವೆದು ಹಿಂದಿನ ಲೋಹದ ತಗಡಿಗೆ ತಾಗುವ ಹಾಗಿತ್ತು. ಪ್ಯಾಡ್ ಕೆಟ್ಟದ್ದೇ ಆಗಿದ್ದರೆ ಎರಡೂ ಒಂದೇ ರೀತಿ ಸವೆಯಬೇಕಿತ್ತು. ಒಂದು ಮಾತ್ರ ಸವೆದರೆ ಕ್ಯಾಲಿಪರ್ ತನ್ನ ಪಿನ್ನುಗಳ ಮೇಲೆ ಸರಿದಾಡುತ್ತಿಲ್ಲ ಎಂದೇ ಅರ್ಥ. ಪಿನ್ ಎಳೆದೆ, ಬರಲಿಲ್ಲ. ರಬ್ಬರ್ ಮುಸುಕು ಹರಿದಿತ್ತು. ಅದರೊಳಗೆ ತುಕ್ಕು, ತುಕ್ಕಿನ ಮೇಲೆ ನೀಲಿ ಬಿಳುಪಿನ ಪುಡಿ.

ಆ ನೀಲಿ ಬಿಳುಪನ್ನು ತೋಟದವರು ಯಾರೇ ಆದರೂ ಗುರುತಿಸುತ್ತಾರೆ. ಅದು ಬೋರ್ಡೋ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸುಣ್ಣ ಸಾಕಾಗಿದೆಯೇ ಎಂದು ನೋಡಲು ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ತೆಗೆಯುವುದು ನಮ್ಮಲ್ಲಿ ಹಳೆಯ ರೂಢಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು. ಕಬ್ಬಿಣವನ್ನು ಕರಗಿಸಿಕೊಂಡು ತಾಮ್ರ ಅದರ ಜಾಗದಲ್ಲಿ ಕೂರುವುದರಿಂದ ಹಾಗಾಗುತ್ತದೆ. ಡ್ರಮ್ಮಿನ ಬಾಯಿಯಿಂದ ತುಳುಕಿದ ದ್ರಾವಣ ನೇರವಾಗಿ ಬೀಳುತ್ತಿದ್ದುದು ಹಿಂದಿನ ಕ್ಯಾಲಿಪರಿನ ಮೇಲೆ. ಅಲಗಿಗೆ ಆಗುವುದು ಪಿನ್ನಿಗೂ ಆಗುತ್ತದೆ. ಈ ಸಂಗತಿಯನ್ನು ನಾನು ಮೊದಲು ಕಂಡದ್ದು ಇಲ್ಲೇ. ಎಟಿವಿಯ ಕೈಪಿಡಿ ಬರೆದವರಿಗೆ ಕೆಸರು ಗೊತ್ತು, ನೀರು ಗೊತ್ತು, ಮೈಲುತುತ್ತ ಗೊತ್ತಿರಲಾರದು.

ಮುಂದಿನ ಪ್ಯಾಡುಗಳನ್ನು ನೋಡಿ ಬೇರೆಯೇ ಬೇಸರವಾಯಿತು. ಅವು ಹೆಚ್ಚುಕಡಿಮೆ ಹೊಸದಾಗಿದ್ದವು, ಗಾಜಿನಂತೆ ಹೊಳೆಯುತ್ತಿದ್ದವು. ಮುಂದಿನ ಚಕ್ರಗಳ ಕೈ ಬ್ರೇಕ್ ಬಳಸುವುದಿಲ್ಲವೇ ಎಂದು ಚಾಲಕನನ್ನು ಕೇಳಿದೆ. "ಮುಂದಿನದು ಹಿಡಿದರೆ ಪಲ್ಟಿ ಹೊಡೆಯುತ್ತದೆ ಎಂದು ಕಲಿಸಿದವರು ಮೊದಲ ದಿನವೇ ಹೇಳಿದ್ದರು ಅಣ್ಣ. ಅಂದಿನಿಂದ ಅದನ್ನು ಮುಟ್ಟಿಲ್ಲ" ಎಂದ. ಜಗ್ಗಿ ಹಿಡಿದರೆ ಅಪಾಯ ನಿಜ. ಆದರೆ ಇಳಿಯುವಾಗ ಭಾರ ಮುಂದಿನ ಚಕ್ರಗಳ ಕಡೆಗೆ ಸರಿಯುತ್ತದೆ, ಹಿಂದಿನವು ಹಗುರವಾಗುತ್ತವೆ. ಹಗುರವಾದ ಚಕ್ರಗಳನ್ನಷ್ಟೇ ನಂಬಿ ಅವನು ಒಂದು ವರ್ಷ ಆ ದಾರಿಯಲ್ಲಿ ದಿನಕ್ಕೆ ಎಂಟು ಹತ್ತು ಸಲ ಇಳಿದಿದ್ದಾನೆ. ಅಂಜಿಕೆಯನ್ನು ಕಲಿಸಿದವರು ಹದವನ್ನು ಕಲಿಸಿರಲಿಲ್ಲ.

ಬ್ರೇಕ್ ಆಯಿಲ್ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿತ್ತು. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಕುದಿದರೆ ಆವಿಯ ಗುಳ್ಳೆ, ಗುಳ್ಳೆ ಬಂದರೆ ಪೆಡಲ್ ಕೆಳಕ್ಕೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಮೂಡಿಗೆರೆಯ ಮಳೆಗಾಲದಷ್ಟು ತೇವ ಬೇರೆಲ್ಲಿ ಸಿಕ್ಕೀತು?

ದೊಡ್ಡ ಟೈರಿನ ಕಥೆ

ವಾಹನದ ಜೊತೆಗೆ ಬಂದಿದ್ದ ಟೈರುಗಳು ಮುಂದೆ 25x8-12, ಹಿಂದೆ 25x10-12. ಎತ್ತರ 25 ಇಂಚು, ಅಗಲ 8 ಅಥವಾ 10, ಒಳಗಿನ ರಿಮ್ 12. ಜೂನ್‌ನಲ್ಲಿ ಯಜಮಾನರು ಅವನ್ನು ತೆಗೆಸಿ 27 ಇಂಚಿನ ಕೆಸರು ಟೈರುಗಳನ್ನು ಹಾಕಿಸಿದ್ದರು. ಟೈರಿನ ಮೈಮೇಲಿನ ಒಂದೊಂದು ರಬ್ಬರ್ ಉಬ್ಬು, ಅಂದರೆ ಬಟನ್ನು, ನನ್ನ ಹೆಬ್ಬೆರಳಿನಷ್ಟು ಎತ್ತರ. ಹಾಕಿಸಿದ್ದಕ್ಕೆ ಕಾರಣವೂ ಇತ್ತು. ಹಳ್ಳದ ಪಕ್ಕದ ಗದ್ದೆಯ ದಾರಿಯಲ್ಲಿ ಹಿಂದಿನ ವರ್ಷ ವಾಹನ ಹೂತುಹೋಗಿ, ಟ್ರ್ಯಾಕ್ಟರ್ ತಂದು ಎಳೆಸಬೇಕಾಗಿತ್ತು. ಆ ಕಷ್ಟ ಅನುಭವಿಸಿದವರು ದೊಡ್ಡ ಬಟನ್ ಕಂಡಾಗ ಕೊಳ್ಳುವುದು ಸಹಜ.

ಆದರೆ ಎತ್ತರ ಎರಡು ಇಂಚು ಹೆಚ್ಚಿದರೆ ಏನೇನಾಗುತ್ತದೆ ನೋಡಿ. ಡಿಸ್ಕ್ ಅದೇ, ಕ್ಯಾಲಿಪರ್ ಅದೇ. ಚಕ್ರದ ಅಂಚು ಮಾತ್ರ ದೂರ ಸರಿಯಿತು. ಅಷ್ಟೇ ಬಲದಿಂದ ಬ್ರೇಕ್ ಒತ್ತಿದರೂ ನೆಲಕ್ಕೆ ಮುಟ್ಟುವ ತಡೆ ನೂರಕ್ಕೆ ಏಳರಷ್ಟು ಕಡಿಮೆ. ಇಂಜಿನ್ ಕೊಡುವ ತಡೆಯೂ ಅಷ್ಟೇ ಕಡಿಮೆ. ಕಣದಲ್ಲಿ ಕಾಫಿ ಮೂಟೆ ತೂಗುವ ತಕ್ಕಡಿಯ ಮೇಲೆ ಇಟ್ಟು ನೋಡಿದೆವು. ಹಳೆಯ ಟೈರು ಹತ್ತು ಕಿಲೋ, ಹೊಸದು ಹದಿನಾಲ್ಕೂವರೆ. ನಾಲ್ಕು ಚಕ್ರಕ್ಕೆ ಹದಿನೆಂಟು ಕಿಲೋ ಹೆಚ್ಚುವರಿ, ಅದೂ ತಿರುಗುವ ಭಾರ. ವಾಹನ ನಿಲ್ಲಬೇಕಾದರೆ ಅದರ ತಿರುಗುವಿಕೆಯನ್ನೂ ಬ್ರೇಕೇ ನಿಲ್ಲಿಸಬೇಕು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಹಾಗಾಗಿತ್ತು.

ಪಾಚಿಗಟ್ಟಿದ ಕಲ್ಲಿನ ಮೇಲೆ ಆ ಬಟನ್ನುಗಳು ಇನ್ನೂ ಸೋತವು. ಕೆಸರಿನಲ್ಲಿ ದೂರ ದೂರ ಇರುವ ಎತ್ತರದ ಬಟನ್ನು ಅಗೆದುಕೊಂಡು ಹೋಗುತ್ತದೆ, ನಡುವಿನ ಮಣ್ಣು ತಾನೇ ಉದುರುತ್ತದೆ. ಗಟ್ಟಿ ನೆಲದಲ್ಲಿ ಅಗೆಯಲು ಏನೂ ಇಲ್ಲ. ಎರಡು ಮೂರು ರಬ್ಬರಿನ ಗೂಟಗಳು ಮಾತ್ರ ತಾಗಿ, ಅವೂ ಬಾಗಿ ಜಾರುತ್ತವೆ.

ಇನ್ನು ಗಾಳಿ. ಅದರ ಒತ್ತಡವನ್ನು ಅಳೆಯುವುದು ಪಿಎಸ್‌ಐಯಲ್ಲಿ. ವಾಹನಕ್ಕೆ ಅಂಟಿಸಿದ ಸ್ಟಿಕರಿನಲ್ಲಿ ಬರೆದದ್ದು 5 ಪಿಎಸ್‌ಐ, ಹಿಂದೆ ಪೂರ್ತಿ ಭಾರ ಹೇರಿದಾಗ 7. ನಾನು ಅಳೆದಾಗ ಸಿಕ್ಕಿದ್ದು 12, 11, 14, 9. ತೋಟದವರು ಪಿಕಪ್ಪಿನ ಟೈರಿಗೆ ಬಳಸುವ ಗೇಜಿನಲ್ಲೇ ನೋಡುತ್ತಿದ್ದರು. ಅದರಲ್ಲಿ ಹತ್ತರ ಕೆಳಗೆ ಮುಳ್ಳು ನಂಬುವ ಹಾಗಿರುವುದಿಲ್ಲ. ಕಾರಿನ ಟೈರಿನಲ್ಲಿ ಒಂದು ಪಿಎಸ್‌ಐ ಹೆಚ್ಚುಕಡಿಮೆಯಾದರೆ ಯಾರೂ ಗಮನಿಸುವುದಿಲ್ಲ. ಐದರಲ್ಲಿ ಒಂದು ಎಂದರೆ ಐದನೆಯ ಒಂದು ಪಾಲು. ಟೈರಿನ ಮೈಗೆ ಅಡ್ಡಡ್ಡವಾಗಿ ಸೀಮೆಸುಣ್ಣದ ಗೆರೆ ಎಳೆದು, ಸಿಮೆಂಟ್ ಕಣದ ಮೇಲೆ ಹತ್ತು ಹೆಜ್ಜೆ ಉರುಳಿಸಿದೆ. 14 ಇದ್ದ ಟೈರಿನಲ್ಲಿ ನಡುವಿನ ನಾಲ್ಕು ಬೆರಳಗಲ ಮಾತ್ರ ಸುಣ್ಣ ಅಳಿಸಿತ್ತು, ಎರಡೂ ಅಂಚಿನ ಗೆರೆ ಹಾಗೆಯೇ ಬೆಳ್ಳಗೆ ಉಳಿದಿತ್ತು. ಕೊಂಡ ಟೈರಿನ ಅರ್ಧ ಅಗಲ ನೆಲವನ್ನೇ ಮುಟ್ಟುತ್ತಿರಲಿಲ್ಲ. ಯಜಮಾನರು ಬಗ್ಗಿ ಆ ಬಿಳಿ ಗೆರೆಯನ್ನು ಬೆರಳಿನಿಂದ ಸವರಿ ನೋಡಿದರು, ಏನೂ ಮಾತಾಡಲಿಲ್ಲ.

ದಾರಿಗೂ ಆ ಟೈರು ಒಳ್ಳೆಯದು ಮಾಡಿರಲಿಲ್ಲ. ಎರಡೇ ತಿಂಗಳಲ್ಲಿ ಕೆಮ್ಮಣ್ಣಿನಲ್ಲಿ ಆಳವಾದ ಎರಡು ಚಾಲು ಬಿದ್ದಿದ್ದವು. ಮಳೆನೀರು ಅದರಲ್ಲೇ ಹರಿದು ಮೇಲ್ಮಣ್ಣನ್ನು ಹೊತ್ತೊಯ್ದಿತ್ತು. ದಾರಿಯಂಚಿನ ಗಿಡಗಳ ಬೇರು ಹೊರಗೆ ಕಾಣುತ್ತಿತ್ತು. ಕಾಫಿಗೆ ಆಹಾರ ಹೀರುವ ಬೇರುಗಳಲ್ಲಿ ಬಹುಪಾಲು ಇರುವುದು ಮೇಲಿನ ಒಂದಡಿ ಮಣ್ಣಿನಲ್ಲೇ. ಟೈರಿನ ಮಾತು ಬಂದಾಗ ಗಿಡದ ಮಾತನ್ನು ಯಾರೂ ಎತ್ತುವುದಿಲ್ಲ. ತೋಟದಲ್ಲಿ ಓಡುವ ವಾಹನಕ್ಕೆ ಅದೂ ಒಂದು ಮುಖ್ಯ ಲೆಕ್ಕ ಎಂದೇ ನನ್ನ ಅಭಿಪ್ರಾಯ.

ಏನನ್ನು ಆರಿಸಿದೆವು

ಮೂರು ದಾರಿಗಳಿದ್ದವು. 27ರ ಕೆಸರು ಟೈರನ್ನೇ ಇಟ್ಟುಕೊಂಡು ಗಾಳಿ ಸರಿಪಡಿಸುವುದು. 26 ಇಂಚಿನ, ಸ್ವಲ್ಪ ಚಿಕ್ಕ ಬಟನ್ನಿನ ಟೈರು. ಇಲ್ಲವೇ ಮೂಲ ಅಳತೆಯ 25ಕ್ಕೆ ಮರಳಿ, ಎಲ್ಲ ನೆಲಕ್ಕೂ ಹೊಂದುವ, ಮುಕ್ಕಾಲು ಇಂಚಿನ ಒತ್ತೊತ್ತಾದ ಬಟನ್ನಿನ ಟೈರು. ಯಜಮಾನರ ಮನಸ್ಸು 26ರ ಕಡೆಗಿತ್ತು. "ಗದ್ದೆಯಲ್ಲಿ ಮತ್ತೆ ಹೂತುಕೊಂಡರೆ?" ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ರೈಟರ್ ತಮ್ಮ ದಿನಚರಿ ಪುಸ್ತಕ ತೆರೆದರು. ಹಿಂದಿನ ಒಂದು ವಾರದಲ್ಲಿ ಇಳಿಜಾರಿನ ದಾರಿಯಲ್ಲಿ 46 ಸಲ, ಗದ್ದೆಯ ದಾರಿಯಲ್ಲಿ ಮೂರು ಸಲ ಓಡಾಟ ಬರೆದಿತ್ತು. ಗದ್ದೆಯಲ್ಲಿ ಹೂತರೆ ವಾಹನ ನಿಲ್ಲುತ್ತದೆ. ಇಳಿಜಾರಿನಲ್ಲಿ ಜಾರಿದರೆ ನಿಲ್ಲುವುದಿಲ್ಲ. 25 ಎಂದೇ ತೀರ್ಮಾನವಾಯಿತು.

ಟೈರಿನ ಬಲದ ದರ್ಜೆಯಲ್ಲಿ ಮಾತ್ರ ಮೂಲಕ್ಕಿಂತ ಮೇಲಕ್ಕೆ ಹೋದೆವು. ನಾಲ್ಕು ಪ್ಲೈ ಬದಲು ಆರು ಪ್ಲೈ. ಈ ಸಂಖ್ಯೆ ಒಳಗೆ ಅಷ್ಟು ಪದರ ಇದೆ ಎಂದು ಹೇಳುವುದಿಲ್ಲ, ಅಷ್ಟು ಗಟ್ಟಿತನ ಇದೆ ಎಂದು ಹೇಳುತ್ತದೆ. ಕಾಫಿ ತೋಟದಲ್ಲಿ ಟೈರು ಸಾಯುವುದು ಹೆಚ್ಚಾಗಿ ಪಕ್ಕದ ಗೋಡೆ ಸೀಳಿ. ಕತ್ತರಿಸಿದ ಗಿಡದ ಕೊರಡು, ಬಿದಿರಿನ ಕೂಳೆ, ಚೂಪು ಕಲ್ಲು, ಎಲ್ಲವೂ ಎಲೆಯಡಿ ಅಡಗಿರುತ್ತವೆ. ಆರು ಪ್ಲೈ ಟೈರು ತುಸು ಬಿರುಸು, ತುಸು ಭಾರ. ನಮ್ಮದು ಹನ್ನೊಂದು ಕಿಲೋ ತೂಗಿತು. ಆ ಒಂದು ಕಿಲೋ ಒಪ್ಪಬಹುದಾದ ಬೆಲೆ. ನಾಲ್ಕನ್ನೂ ಒಟ್ಟಿಗೆ ಬದಲಾಯಿಸಲೇಬೇಕು ಎಂದೂ ಹೇಳಿದೆ. ನಾಲ್ಕೂ ಚಕ್ರಕ್ಕೆ ಇಂಜಿನ್ ಜೋಡಿಸುವ ವಾಹನದಲ್ಲಿ ಮುಂದಿನ ಹಿಂದಿನ ಎತ್ತರ ಬೇರೆಯಾದರೆ ಗೇರುಗಳು ಒಂದನ್ನೊಂದು ಎಳೆದಾಡಿ ಸವೆಯುತ್ತವೆ. ಬೆಂಗಳೂರಿನಿಂದ ಬಸ್ ಪಾರ್ಸೆಲ್ಲಿನಲ್ಲಿ ಬರಲು ಎರಡು ವಾರ ಹಿಡಿಯಿತು. ಬಂದ ಕೂಡಲೇ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳನ್ನು ಓದಿದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಅಂಗಡಿಯ ಮೂಲೆಯಲ್ಲಿ ವರ್ಷಗಟ್ಟಲೆ ಕೂತ ಟೈರಿನ ರಬ್ಬರ್ ಗಟ್ಟಿಯಾಗಿರುತ್ತದೆ. ಹಾಗಿದ್ದರೆ ಹಿಂದಕ್ಕೆ ಕಳಿಸಬೇಕು. ಇವು ಅದೇ ವರ್ಷದವು.

ಪ್ಯಾಡಿನ ವಿಷಯ. ಅವರು ಹಾಕಿಸುತ್ತಿದ್ದುದು ಅಗ್ಗದ ರಾಳದ ಪ್ಯಾಡ್. ಅದು ಮೆತ್ತಗೆ, ಸದ್ದಿಲ್ಲದೆ ಹಿಡಿಯುತ್ತದೆ, ಡಿಸ್ಕನ್ನು ತಿನ್ನುವುದಿಲ್ಲ. ಒಣ ಊರಿಗೆ ಸಾಕು. ಕೆಸರು ನೀರು ಪ್ಯಾಡಿಗೂ ಡಿಸ್ಕಿಗೂ ನಡುವೆ ಸೇರಿದರೆ ಅದು ಉಪ್ಪುಕಾಗದದಂತೆ ಉಜ್ಜುತ್ತದೆ, ರಾಳ ಬೇಗ ಕರಗಿಹೋಗುತ್ತದೆ. ಸಿಂಟರ್ಡ್ ಪ್ಯಾಡ್ ಎಂದರೆ ಲೋಹದ ಪುಡಿಯನ್ನು ಬಿಸಿ ಮತ್ತು ಒತ್ತಡದಲ್ಲಿ ಬೆಸೆದದ್ದು. ಒದ್ದೆಯಲ್ಲೂ ಹಿಡಿತ ಬಿಡುವುದಿಲ್ಲ, ಕೆಸರಿಗೆ ಬಾಳಿಕೆ ಬರುತ್ತದೆ. ಬದಲಿಗೆ ಡಿಸ್ಕ್ ಬೇಗ ಸವೆಯುತ್ತದೆ, ಬಿಸಿಯನ್ನು ಬೇಗ ಕ್ಯಾಲಿಪರಿನ ಆಯಿಲಿಗೆ ದಾಟಿಸುತ್ತದೆ. ಆದ್ದರಿಂದಲೇ ಹಳೆಯ ಆಯಿಲ್ ಇಟ್ಟುಕೊಂಡು ಈ ಪ್ಯಾಡ್ ಹಾಕುವುದು ತಪ್ಪು. ಹಿಂದಿನ ಡಿಸ್ಕ್ 3.2 ಮಿಲಿಮೀಟರ್ ಇತ್ತು, ಅದರ ಮೇಲೆ ಕೊರೆದ ಕನಿಷ್ಠ ಮಿತಿ 3. ಹೊಸ ಪ್ಯಾಡಿನ ಜೊತೆ ಅದು ಒಂದು ಮಳೆಗಾಲವೂ ಬರುತ್ತಿರಲಿಲ್ಲ, ಬದಲಾಯಿಸಿದೆ. ಮುಂದಿನವು ಚೆನ್ನಾಗಿದ್ದವು, ಉಳಿಸಿಕೊಂಡೆ.

ಪ್ಯಾಡಿನ ಹಿಂಬದಿಯ ತಗಡಿನ ಮೇಲೆ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿ ಅದರ ಘರ್ಷಣೆ ಎಷ್ಟು ಎಂದು, ಎರಡನೆಯದು ತುಂಬ ಕಾದ ಮೇಲೆ ಎಷ್ಟು ಎಂದು ಹೇಳುತ್ತದೆ. ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55, ಎಚ್ ಅದಕ್ಕೂ ಮೇಲೆ. ತೋಟದವರು ಬಳಸುತ್ತಿದ್ದ ಅಗ್ಗದ ಪ್ಯಾಡಿನಲ್ಲಿ ಅಕ್ಷರವೇ ಇರಲಿಲ್ಲ. ಅಕ್ಷರವಿಲ್ಲದ ಪ್ಯಾಡನ್ನು ಇಳಿಜಾರಿನ ವಾಹನಕ್ಕೆ ನಾನು ಹಾಕುವುದಿಲ್ಲ.

ಇಲ್ಲಿ ನನ್ನಿಂದಲೂ ಒಂದು ತಪ್ಪಾಯಿತು, ಅದನ್ನು ಬರೆಯಲೇಬೇಕು. ಮೊದಲು ಮುಂದೆ ಹಿಂದೆ ಎರಡಕ್ಕೂ ಎಚ್‌ಎಚ್ ಹಾಕಿದೆ. ಭಾರ ಹೇರಿದಾಗ ಚೆನ್ನಾಗಿತ್ತು. ಖಾಲಿ ವಾಹನದಲ್ಲಿ ಒದ್ದೆ ಎಲೆಯ ಮೇಲೆ ಪೆಡಲ್ ತುಸು ಮುಟ್ಟಿದ್ದೇ ತಡ, ಹಿಂದಿನ ಚಕ್ರಗಳು ಕಟ್ಟಿಕೊಂಡು ಬಾಲ ಪಕ್ಕಕ್ಕೆ ತಿರುಗಿತು. ಹಿಂದಿನ ಚಕ್ರ ಇಳಿಜಾರಿನಲ್ಲಿ ಕಟ್ಟಿಕೊಂಡರೆ ಹಿಂಭಾಗ ಮುಂದಕ್ಕೆ ಬರಲು ನೋಡುತ್ತದೆ. ಮರುದಿನವೇ ಹಿಂದಕ್ಕೆ ಜಿಎಫ್ ದರ್ಜೆಯ ಸಿಂಟರ್ಡ್ ಪ್ಯಾಡ್ ತರಿಸಿ ಹಾಕಿದೆ. ಹಿಡಿತ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಮಾತು ಮುಂದಿನ ಚಕ್ರಕ್ಕೆ ಹೊಂದುತ್ತದೆ, ಹಗುರವಾಗುವ ಹಿಂದಿನ ಚಕ್ರಕ್ಕೆ ಹೊಂದುವುದಿಲ್ಲ.

ಪರೀಕ್ಷೆ

ಟೈರು ಬರಲು ತಡವಾದದ್ದರಿಂದ ಒಂದೊಂದೇ ಬದಲಾವಣೆಯನ್ನು ಬೇರೆ ಬೇರೆಯಾಗಿ ಅಳೆಯಲು ಸಾಧ್ಯವಾಯಿತು. ಕೆಟ್ಟ ಬ್ರೇಕಿನ ವಾಹನವನ್ನು ಇಳಿಜಾರಿಗೆ ಒಯ್ಯಲಿಲ್ಲ. ಕಣಕ್ಕೆ ನೀರು ಹಾಯಿಸಿ, ಸುಣ್ಣದ ಗೆರೆ ಎಳೆದು, ಗೆರೆ ಮುಟ್ಟಿದಾಗ ಬ್ರೇಕ್ ಹಿಡಿಯುವುದು, ನಿಂತ ಜಾಗಕ್ಕೆ ಟೇಪ್ ಹಿಡಿಯುವುದು. ಪ್ರತಿ ಹಂತದಲ್ಲೂ ಮೂರು ಸಲ, ವೇಗ ಗಂಟೆಗೆ 20 ಕಿಲೋಮೀಟರ್. ದೊಡ್ಡ ಟೈರು ಇದ್ದಾಗ ಮೀಟರ್ ಕಡಿಮೆ ತೋರಿಸುತ್ತದೆ, ಹಾಗಾಗಿ 27ರ ಟೈರಿನಲ್ಲಿ ಮುಳ್ಳು 18.5ಕ್ಕೆ ಬಂದಾಗ ಅದನ್ನು 20 ಎಂದು ಲೆಕ್ಕ ಹಿಡಿದೆವು.

ಬಂದ ಸ್ಥಿತಿಯಲ್ಲಿ, ಕಾಲಿನ ಬ್ರೇಕ್ ಮಾತ್ರ ಒತ್ತಿದಾಗ ಸರಾಸರಿ 7 ಮೀಟರ್. ಪಿನ್ ಬಿಡಿಸಿ, ಉಜ್ಜಿ, ಗ್ರೀಸ್ ಹಚ್ಚಿ, ಹೊಸ ಬ್ರೇಕ್ ಆಯಿಲ್ ತುಂಬಿ, ಗಾಳಿಯನ್ನು 5ಕ್ಕೆ ತಂದು, ಮುಂದಿನ ಪ್ಯಾಡಿನ ಹೊಳಪನ್ನು ಉಪ್ಪುಕಾಗದದಿಂದ ಉಜ್ಜಿ, ಚಾಲಕನಿಗೆ ಎರಡೂ ಬ್ರೇಕನ್ನು ಒಟ್ಟಿಗೆ ಹದವಾಗಿ ಹಿಡಿಯಲು ಹೇಳಿಕೊಟ್ಟ ಮೇಲೆ 5.3. ಹೊಸ ಪ್ಯಾಡ್, ಹೊಸ ಡಿಸ್ಕ್ ಹಾಕಿದ ಮೇಲೆ 4.5. ಹೊಸ ಟೈರು ಬಂದ ಮೇಲೆ 3.8. ಒಟ್ಟು ಕಡಿಮೆಯಾದ 3.2 ಮೀಟರಿನಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 1.7 ಮೀಟರ್, ಒಂದು ಬಾಟಲಿ ಬ್ರೇಕ್ ಆಯಿಲ್ ಬಿಟ್ಟರೆ ಏನನ್ನೂ ಕೊಳ್ಳುವ ಮೊದಲೇ ಸಿಕ್ಕಿತ್ತು. ಇದನ್ನು ಯಜಮಾನರಿಗೆ ಎರಡು ಸಲ ಹೇಳಿದೆ. ವ್ಯಾಪಾರ ಕಳೆದುಕೊಂಡಂತೆ ಕಂಡರೂ ಪರವಾಗಿಲ್ಲ ಎನಿಸಿತ್ತು.

ಹೊಸ ಪ್ಯಾಡನ್ನು ನೇರವಾಗಿ ಇಳಿಜಾರಿಗೆ ಒಯ್ಯಬಾರದು. ಪ್ಯಾಡೂ ಡಿಸ್ಕೂ ಒಂದಕ್ಕೊಂದು ಕೂರಬೇಕು. ಸಮತಟ್ಟಿನಲ್ಲಿ 25ರ ವೇಗದಿಂದ 5ಕ್ಕೆ ನಿಧಾನವಾಗಿ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ತೆಗೆದುಕೊಳ್ಳುವುದು, ಇಪ್ಪತ್ತು ಸಲ. ಆಮೇಲೆ ತಣಿಯಲು ಬಿಡುವುದು. ಚಾಲಕನೇ ಮಾಡಿದ, ಎಣಿಸಿದವರು ರೈಟರ್.

ಕೊನೆಗೆ ಇಳಿಜಾರು. ಡ್ರಮ್ಮಿನ ಬದಲು ಅಷ್ಟೇ ತೂಕದ ಗೊಬ್ಬರದ ಮೂಟೆ ಕಟ್ಟಿ, ನಾಲ್ಕೂ ಚಕ್ರ ಜೋಡಿಸಿ, ಲೋ ಗೇರಿನಲ್ಲಿ, 15ರ ವೇಗದಿಂದ. ಗುಡಿಸಿದ ದಾರಿಯಲ್ಲಿ ನಾಲ್ಕೂವರೆ ಮೀಟರಿಗೆ ನಿಂತಿತು. ಒದ್ದೆ ಎಲೆಯ ಮೇಲೆ ಎಂಟು. ಟೈರು, ಪ್ಯಾಡ್ ಎರಡೂ ಹೊಸದಾದರೂ ಎಲೆ ಅಷ್ಟನ್ನು ಕಿತ್ತುಕೊಂಡಿತು. ಅಂದಿನಿಂದ ಎರಡು ತಿರುವುಗಳ ಹಿಂದೆ ಮುಂದೆ ಹತ್ತು ಹತ್ತು ಮೀಟರ್ ಜಾಗವನ್ನು ಬೆಳಿಗ್ಗೆ ಕಡ್ಡಿ ಪೊರಕೆಯಲ್ಲಿ ಗುಡಿಸುತ್ತಾರೆ. ಅರ್ಧ ತುಂಬಿದ ಡ್ರಮ್ ಇಳಿಸುವುದನ್ನೂ ನಿಲ್ಲಿಸಿದ್ದಾರೆ. ಬಾಯಿತನಕ ತುಂಬಿ ಮುಚ್ಚಳ ಬಿಗಿದ ಇಪ್ಪತ್ತು ಲೀಟರಿನ ಮೂರು ಕ್ಯಾನುಗಳು ಈಗ. ತುಳುಕುವುದಿಲ್ಲ, ಕ್ಯಾಲಿಪರಿನ ಮೇಲೂ ಬೀಳುವುದಿಲ್ಲ. ಸಿಂಪಡಣೆ ಮುಗಿದ ಸಂಜೆ ಹಿಂಭಾಗಕ್ಕೆ ಒಳ್ಳೆಯ ನೀರು ಹಾಯಿಸುತ್ತಾರೆ.

ಒಂದು ವರ್ಷದ ಮೇಲೆ

ಈ ವರ್ಷ ಜುಲೈಯಲ್ಲಿ ಮತ್ತೆ ಬಿಚ್ಚಿ ನೋಡಿದೆ. ಮುಂದಿನ ಪ್ಯಾಡ್ 4.2 ಮಿಲಿಮೀಟರಿನಿಂದ 2.9ಕ್ಕೆ ಇಳಿದಿತ್ತು, ಹಿಂದಿನದು 3.1ಕ್ಕೆ, ಒಳಗಿನದೂ ಹೊರಗಿನದೂ ಸಮವಾಗಿ. ನಾಲ್ಕು ತಿಂಗಳಿಗೆ ಮೂರು ಜೊತೆ ತಿಂದ ವಾಹನ ಅದು. ಮುಂದಿನ ಪ್ಯಾಡ್ ಹೆಚ್ಚು ಸವೆದದ್ದನ್ನು ಕಂಡು ನನಗೆ ಸಮಾಧಾನವಾಯಿತು. ಚಾಲಕನ ಅಂಜಿಕೆ ಹೋಗಿದೆ ಎಂದು ಅದೇ ಹೇಳುತ್ತಿತ್ತು. ಬಟನ್ನಿನ ಎತ್ತರ 19 ಮಿಲಿಮೀಟರಿನಿಂದ 16ಕ್ಕೆ ಬಂದಿದೆ. ದಾರಿಯ ಚಾಲುಗಳನ್ನು ಕಲ್ಲು ಮಣ್ಣು ಹಾಕಿ ಮುಚ್ಚಿದ್ದರು, ಮತ್ತೆ ಬಿದ್ದಿಲ್ಲ. ಅಂಚಿನಲ್ಲಿ ಹುಲ್ಲು ಹಿಡಿದಿದೆ.

ಗದ್ದೆಯ ದಾರಿಯ ಸಮಸ್ಯೆ ಹಾಗೆಯೇ ಉಳಿದಿದೆ. 25ರ ಟೈರು ಆಶ್ಲೇಷಾ ಮಳೆಯ ಕೆಸರಿಗೆ ಸಾಲದು, ಅದು ಮೊದಲೇ ಗೊತ್ತಿತ್ತು. ಹಳ್ಳದ ಸಂಕದ ಬಳಿ ವಾಹನ ನಿಲ್ಲಿಸಿ, ಅಲ್ಲಿಂದ ಇನ್ನೂರು ಮೀಟರ್ ತಲೆಹೊರೆಯಲ್ಲೇ ಒಯ್ಯುತ್ತಾರೆ. ಬರುವ ಬೇಸಿಗೆಯಲ್ಲಿ ಅಷ್ಟು ದೂರಕ್ಕೆ ಕಲ್ಲು ಹಾಸಿಸುವುದಾಗಿ ಯಜಮಾನರು ಹೇಳಿದ್ದಾರೆ. 27ರ ಟೈರುಗಳು ಗೋದಾಮಿನಲ್ಲಿ ಗೋಣಿ ಹೊದ್ದು ಕೂತಿವೆ.

0ರಿಂದ 15 ಪಿಎಸ್‌ಐ ಮಾತ್ರ ತೋರಿಸುವ ಒಂದು ಗೇಜನ್ನು ಚಾಲಕನಿಗೆ ಕೊಟ್ಟಿದ್ದೆ. ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿರುತ್ತಾನೆ. ಹೋದ ವಾರ ಬೆಳಿಗ್ಗೆ ಏಳಕ್ಕೆ ಅವನ ಫೋನ್ ಬಂತು. "ಅಣ್ಣ, ಹಿಂದಿನ ಎಡಗಡೆ ಟೈರು ನಾಲ್ಕು ತೋರಿಸುತ್ತಿದೆ. ನಿನ್ನೆ ಐದಿತ್ತು. ಗಾಳಿ ಹೊಡೆದು ಇಳಿಯಲೇ?" ಇಳಿಯಬೇಡ, ಮೊದಲು ಟೈರಿನ ಒಳಬದಿಯನ್ನು ಕೈಯಿಂದ ತಡವಿ ನೋಡು ಎಂದೆ. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದ. ಎರಡು ಬಟನ್ನುಗಳ ನಡುವೆ ಕಿರುಬೆರಳುದ್ದದ ಬಿದಿರಿನ ಚೂರು ಹೊಕ್ಕಿತ್ತಂತೆ.